ಹತ್ತಡಿಯ ಅಂಗಡಿ

ವಿರಾಜಪೇಟೆಯಲ್ಲಿ ಮೊಯ್ದು ಕಾಕಾನ ಕನ್ನಡಕದಂಗಡಿ
ಹತ್ತೇ ಅಡಿ.
ಕಣ್ಣಿನ ಪರೀಕ್ಷೆಗೆ ಬೇಕು ಇಪ್ಪತ್ತು.
ಗೋಡೆ ಒಡೆದರೆ ಆಚೆ ಬೇಕರಿಯ ಒಲೆ.
ಹಾಗಾಗಿ ಎದುರಿಗೊಂದು ಕನ್ನಡಿ,
ಕೂತವರ ನೆತ್ತಿಯ ಹಿಂದೆ
ತಿರುಗಾಮುರುಗಾ ಬರೆಸಿದ ಅಕ್ಷರ:
ಬೆಳಕು ಹೋಗಿ ಬರಲಿ, ನಡೆದಷ್ಟೂ ದೂರವೇ.

ಬೋರ್ಡು ಬರೆಯುವ ಲಿಗೋರಿ ಗೊಣಗಿದ್ದನಂತೆ,
'ಠ' ಒಂದೇ ಸುಲಭ,
ಯಾವ ಕಡೆಯಿಂದ ನೋಡಿದರೂ ಠ.

ಚೋಂದಮ್ಮ ಸರಸರ ಓದಿದಳು,
ಕೊನೆಯ ಸಾಲಿಗೆ ತಡವರಿಸಿ ಹಿಂದೆ ತಿರುಗಿದಳು:
"ಅಯ್ಯೋ, ಇದೆಲ್ಲ ಉಲ್ಟಾ!"
"ಓದುವಾಗ ನೆಟ್ಟಗಿತ್ತಲ್ಲ,"
ಅಂದ ಕಾಕಾ, ಗಾಜು ಬದಲಿಸುತ್ತ.

ಹೊಸ ಕನ್ನಡಕ. ಹೊರಗೆ ಬಿಸಿಲು.
ರಸ್ತೆ ನಾಲ್ಕು ಬೆರಳು ಮೇಲೆದ್ದಿದೆ.
ಇಲ್ಲದ ಮೆಟ್ಟಿಲಿಗೆ ಕಾಲೆತ್ತಿ
ಒಂದು ಕ್ಷಣ ಗಾಳಿಯಲ್ಲೇ ನಿಂತಳು,
ಆಮೇಲೆ ಮೆಲ್ಲಗೆ,
ನಂಬಿಕೆ ಸಾಲದೆ,
ಊರಿದಳು.