ಡಬ್ಬಿ ಇಡುವ ಜಾಗ

ಕುಂಬಾರಕೊಪ್ಪಲಿನ ಹೈಸ್ಕೂಲಿಗೆ ಕರೆದರು ನನ್ನನ್ನ,
ಮೂವತ್ತೊಂದು ವರ್ಷ ಫಿಟ್ಟರಾಗಿದ್ದವನನ್ನ.
‘ಹತ್ತನೇ ಕ್ಲಾಸಿಗೆ ಕೆಲಸದ ಬಗ್ಗೆ ನಾಲ್ಕು ಮಾತು ಹೇಳಿ’
ಎಂದರು ಹೊಂಬಾಳೆ ಮೇಡಂ.
ಹಿಂದಿನ ರಾತ್ರಿ ಮೊಮ್ಮಗಳ ನೋಟ್‌ಬುಕ್ಕಿನ ಹಾಳೆ ಹರಿದು
ಬರೆದುಕೊಂಡೆ: ಶಿಸ್ತು. ಸಮಯಪಾಲನೆ. ಶ್ರದ್ಧೆ.
ಬರೆದು ಓದಿದರೆ
ನಿವೃತ್ತಿಯ ದಿನ ಮ್ಯಾನೇಜರು ಮಾಡಿದ ಭಾಷಣ
ನನ್ನ ಅಕ್ಷರದಲ್ಲಿ ಕೂತಿತ್ತು.

ಹಾಳೆ ಜೇಬಿನಲ್ಲೇ ಉಳಿಯಿತು.

ಹೇಳಿದೆ: ನೋಡ್ರಪ್ಪ,
ಮೊದಲ ದಿನ ಕೆಲಸ ಕಷ್ಟವಲ್ಲ,
ಡಬ್ಬಿ ಎಲ್ಲಿಡಬೇಕು ಅನ್ನೋದು ಕಷ್ಟ.
ಮೇಟಗಳ್ಳಿಯ ಆ ಗೇಟು ದಾಟಿದ ಬೆಳಿಗ್ಗೆ
ನನ್ನ ಕೈಲಿ ಅವ್ವ ಕಟ್ಟಿದ ಮುದ್ದೆ, ಉಪ್ಸಾರು.
ಎಡಗೈಲಿ ಅದನ್ನ ಹಿಡಿದೇ ನಿಂತಿದ್ದೆ ಹನ್ನೆರಡರವರೆಗೆ,
ಬಲಗೈಲಿ ಅರ.
ಒಂಟಿಗೈಲಿ ಕಬ್ಬಿಣ ಉಜ್ಜೋಕಾಗುತ್ತಾ?
ನಕ್ಕರು. ನಗಲಿ.

ಯಾರೂ ಹೇಳಿಕೊಡಲ್ಲ ಇದನ್ನೆಲ್ಲ:
ಗೊತ್ತಿಲ್ಲದ್ದನ್ನ ‘ಗೊತ್ತಿಲ್ಲ’ ಅನ್ನಬಹುದೋ,
ಸಂಬಳದ ಚೀಟಿಯಲ್ಲಿ ಹಿಡಿದ ದುಡ್ಡು
ಯಾಕೆ ಹಿಡಿದಿರಿ ಅಂತ ಕೇಳಿದರೆ ಕೆಲಸ ಹೋಗುತ್ತೋ.
ಹೋಗಲ್ಲ. ಕೇಳಿ.
ನಾನು ಬಾಯಿ ಬಿಡೋಕೆ ಒಂಬತ್ತು ವರ್ಷ ತಗೊಂಡೆ.

ಆಮೇಲೆ ಬಟ್ಟೆ ಬಿಚ್ಚಿ ವರ್ನಿಯರ್ ತೆಗೆದೆ.
ಮಾದೇಶನ ಪೆನ್ನು ಅಳೆದೆವು, ಮೇಡಂ ಬಳೆ ಅಳೆದೆವು,
ಮೂರು ಜನಕ್ಕೆ ಮೂರು ಲೆಕ್ಕ ಬಂತು.
ಬಿಗಿ ಹಿಡಿದವನದು ಕಮ್ಮಿ, ಸಡಿಲ ಹಿಡಿದವಳದು ಜಾಸ್ತಿ.
ಕೈಯೂ ಸುಳ್ಳು ಹೇಳುತ್ತೆ ಕಣ್ರಪ್ಪ ಎಂದೆ.

ಪ್ರಶ್ನೆ ಇದೆಯಾ?
ಸಂಬಳ ಎಷ್ಟು, ಬೆರಳು ಹೋಗುತ್ತಾ, ಐಟಿಐ ಸಾಕಾ,
ಎಲ್ಲಕ್ಕೂ ಉತ್ತರವಿತ್ತು.
ಕೊನೇ ಬೆಂಚಿನಿಂದ ಇಂಪನ ಎದ್ದಳು,
ಜಡೆಯ ರಿಬ್ಬನ್ನು ಬೆರಳಿಗೆ ಸುತ್ತುತ್ತಾ:
‘ಡಬ್ಬಿ ಇಡೋ ಜಾಗ ಸರಿ ಸಾರ್.
ನಿಮ್ ಶೆಡ್ಡಲ್ಲಿ ಹುಡುಗೀರ ಟಾಯ್ಲೆಟ್ ಎಲ್ಲಿತ್ತು?’

ಮೂವತ್ತೊಂದು ವರ್ಷ.
ಬೋಲ್ಟಿನ ಗಾತ್ರ ಕಣ್ಣಲ್ಲೇ ಹೇಳುವವನು ನಾನು.
ಕ್ರೇನು ಕಣ್ಣಿಗೆ ಬಂತು, ಲೇತು, ನೀರಿನ ಡ್ರಮ್ಮು,
ಆಯುಧಪೂಜೆಯ ಕುಂಕುಮ ಒಣಗಿದ್ದ ಸ್ವಿಚ್ಚಿನ ಹಲಗೆ.
ಆ ಬಾಗಿಲು ಮಾತ್ರ ಬರಲಿಲ್ಲ.
‘ಗೊತ್ತಿಲ್ಲಮ್ಮ’ ಎಂದೆ.

ಮಾರನೇ ದಿನ ಬಸ್ಸು ಹತ್ತಿ ಗೇಟಿಗೆ ಹೋದೆ.
ಸೆಕ್ಯುರಿಟಿ ಹುಡುಗನಿಗೆ ನನ್ನ ಗುರುತಿಲ್ಲ.
‘ಪೆನ್ಷನ್ ವಿಚಾರವಾ ಅಜ್ಜ?’
ಅಲ್ಲ ಕಣಪ್ಪ ಎಂದು ವಿಚಾರ ಹೇಳಿದೆ.
ನಕ್ಕ. ಆಮೇಲೆ ನಗಲಿಲ್ಲ,
ಒಳಗೆ ಫೋನು ಮಾಡಿ ಕೇಳಿದ, ಕಾದ, ಇನ್ನೊಬ್ಬರನ್ನು ಕೇಳಿದ.

ಈಗ ಹದಿನಾಲ್ಕು ಹೆಣ್ಣುಮಕ್ಕಳಿದ್ದಾರಂತೆ.
ಪೇಂಟ್ ಶೆಡ್ ದಾಟಿ, ಕ್ಯಾಂಟೀನ್ ಹಿಂದೆ, ಒಂದು ಇದೆಯಂತೆ.
ಹೋಗಿ ಬರೋಕೆ ಹನ್ನೊಂದು ನಿಮಿಷ.
ಟೀ ಬಿಡುವು ಹತ್ತು.

ಅದೇ ಹಾಳೆಯ ಬೆನ್ನಿಗೆ ಬರೆದು
ಮೇಡಂ ಕೈಲಿ ಕೊಟ್ಟು ಬಂದಿದ್ದೇನೆ, ಇಂಪನಳಿಗೆ ಅಂತ.
ಅಳತೆ ಸರಿಯಿದೆ, ಎರಡು ಸಲ ಕೇಳಿ ಬರೆದದ್ದು.
ಆ ಒಂದು ನಿಮಿಷ ಯಾರ ಸಂಬಳದಲ್ಲಿ ಹಿಡೀತಾರೆ
ಅಂತ ಹುಡುಗಿ ಕೇಳೇ ಕೇಳುತ್ತಾಳೆ.
ಒಂಬತ್ತು ವರ್ಷ ಕಾಯುವ ಪೈಕಿ ಅಲ್ಲ ಅವಳು.