ಮತ್ತೆ ಒತ್ತಿ

ಎಲ್ಲಿಂದ ಹೇಳ್ಲಿ?
ಗೂಡಿಗಾದರೂ ಒಂದು ತುದಿ ಇರುತ್ತೆ,
ಕುದಿಯೋ ನೀರಲ್ಲಿ ತಡಕಿದರೆ ಬೆರಳಿಗೆ ಸಿಗುತ್ತೆ.
ಇದಕ್ಕೆಲ್ಲಿದೆ ತುದಿ.

ಬರಕೋ. ಶಿಡ್ಲಘಟ್ಟ. ಗಲ್ಲಿಗೆ ಹೆಸರಿರಲಿಲ್ಲ,
ಹುಳದ ನಾತವೇ ವಿಳಾಸ.
ಹೆಣ್ಣು ನೋಡೋಕೆ ಬಂದೋರು ಮೂಗು ಹಿಡ್ಕೊಂಡೇ
ಸರಿಯಾದ ಮನೆ ಮುಂದೆ ನಿಲ್ಲೋರು.

ನಮ್ಮ ಗೋಡೇನೇ ಕುಲ್ಸುಂಬಿ ಮನೆ ಗೋಡೆ,
ಅದರ ಬೆನ್ನಿಗೆ ಅಂಜಲೈ,
ಎದುರಿಗೆ ನರಸಕ್ಕ, ಅವಳ ಆರು ಜನ ತಮ್ಮಂದಿರು
(ಚಡ್ಡಿ ನಾಕೇ, ಸರದಿ ಮೇಲೆ).
ನಾವು ನಾಲ್ವರೂ ಒಂದೇ ಬಾಂಡ್ಲಿಗೆ ಕೈ ಅದ್ದಿದೋರು.
ಎಂಟು ವರ್ಷಕ್ಕೆ.
ಇಲ್ಲ, ಒಂಬತ್ತು ಅಂತಾಳೆ ಕುಲ್ಸುಂಬಿ.
ಎರಡೂ ಬರಕೋ.

ಭಾಷೆ ಯಾವುದು ಅಂತ ಕೇಳಿದೆ ನೀನು.
ಬೈಗುಳ ತಮಿಳಿಂದು, ರುಚಿ ಜಾಸ್ತಿ.
ಲೆಕ್ಕ ತೆಲುಗು; ಬಿಪಿ ಮಾತ್ರೆ ಈಗಲೂ
ಒಕಟಿ, ರೆಂಡು ಅಂತಲೇ ಎಣಿಸೋದು.
ಆದರೆ ಬ್ಯಾಡ ಅನ್ನೋದನ್ನ
ನಾಕೂ ಭಾಷೇಲಿ ಕಲ್ತ್ವಿ.
ಬಾಗಿಲಲ್ಲಿ ನಿಲ್ಲಬ್ಯಾಡ. ನಗೋದು ನಕ್ಕೋ.
ಸ್ಕೂಲು ವದ್ದು. ಆ ಹುಡುಗನ ಸೈಕಲ್ಲು ವೇಂಡಾ.
ಹೂಂ ಅನ್ನೋಕೆ ಮಾತ್ರ ಯಾವ ಭಾಷೇನೂ ಬೇಕಾಗಲಿಲ್ಲ,
ತಲೆ ಬಗ್ಗಿಸಿದರೆ
ಹೂಂ ಅಂತಲೇ ಲೆಕ್ಕ.

ನೀನೇನು ಬರೀತೀಯ ನಂಗೊತ್ತು:
ಏಳೆಂಟು ಗೂಡಿನ ಎಳೆ ಸೇರಿ ಒಂದು ನೂಲು,
ಹಂಗೇ ಇವರೂ, ಅಂತ.
ಬರೀಬ್ಯಾಡ.
ನಲ್ಲಿ ಹತ್ರ ಅಂಜಲೈ ಕೊಡ ಸೊಟ್ಟ ಮಾಡಿದೋಳು ನಾನೇ.
ಊರಲ್ಲಿ ಗಲಾಟೆ ಆದ ರಾತ್ರಿ
ನಮ್ಮಪ್ಪ ಚಿಲಕ ಹಾಕಿ, ಒನಕೆ ಅಡ್ಡ ಇಟ್ಟು, ದೀಪ ಆರಿಸಿದ.
ಆಚೆ ಕಡೆಯಿಂದ ಕುಲ್ಸುಂಬಿ ಗೋಡೆ ತಟ್ಟಿದಳು.
ಮೂರು ಸಲ.
ನಾನು

ಸ್ವಲ್ಪ ನೀರು ಕೊಡು.

ನನ್ನ ಕೈ ಮಡಿಲಲ್ಲೇ ಇತ್ತು.
ಮೂರು ದಿನ ಬಿಟ್ಟು ಅದೇ ಬಾಂಡ್ಲಿ, ಅದೇ ಎಂಟು ಕೈ.
ಯಾಕೆ ತಟ್ಟಲಿಲ್ಲ ಅಂತ ಅವಳು ಕೇಳಲಿಲ್ಲ.
ನನಗೀಗ ಮೊಮ್ಮಕ್ಕಳು. ಇನ್ನೂ ಕೇಳಿಲ್ಲ.

ಹೋದ ತಿಂಗಳು ರೇಷನ್ ಅಂಗಡೀಲಿ
ಹೆಬ್ಬೆಟ್ಟು ಒತ್ತಿದೆ. ಮಿಷನ್ನು ಗುರುತು ಹಿಡೀಲಿಲ್ಲ.
ಕುಲ್ಸುಂಬೀದೂ ಇಲ್ಲ.
ಗೆರೆಯೆಲ್ಲ ಆ ಬಿಸಿನೀರು ತಿಂದುಬಿಟ್ಟಿದೆ ಕಣಮ್ಮ,
ಯಾವ ಜಾತಿ ಬೆರಳು ಅಂತ ಅದೂ ನೋಡಲಿಲ್ಲ.
ಮತ್ತೆ ಒತ್ತಿ, ಅಂದ ಹುಡುಗ.
ಮತ್ತೆ ಒತ್ತಿ.
ಆಗ ಅವಳು ನನ್ನ ಬೆರಳು ಹಿಡ್ಕೊಂಡು
ಸೆರಗಲ್ಲಿ ಒರೆಸಿ
ಗಾಜಿನ ಮೇಲೆ ತಾನೇ ತಟ್ಟಿದಳು.
ಎಷ್ಟು ಸಲ ಅಂತ ನೀನು ಕೇಳಬ್ಯಾಡ.

ಅಕ್ಕಿನಾ? ಬರಲಿಲ್ಲ.
ಸರ್ವರ್ ಇಲ್ಲ, ನಾಳೆ ಬನ್ನಿ ಅಂದ.

ಆ ರಾತ್ರಿ ಗೋಡೆ ಪಕ್ಕ ಮಲಗಿದ್ದೆ.
ಬೆರಳು ಮಡಿಸಿ ಗಾರೆ ಮೇಲಿಟ್ಟೆ, ತಣ್ಣಗಿತ್ತು.
ಆಚೆ ಅವಳು ಕೆಮ್ಮಿದ್ದು ಕೇಳಿಸ್ತು.
ಎದ್ದಿದಾಳೆ ಅಂದ್ಕೊಂಡೆ.
ಇಷ್ಟು ಹೊತ್ತಲ್ಲಿ ಯಾಕೆ ಅಂದ್ಕೊಂಡೆ.