ಥಪ್ಪಿ ನಡುವಿನ ಗಾಳಿ

ಹೊಸ ಕಂಪ್ಯೂಟರ್ ಬಂದಿದ್ದು ಏಪ್ರಿಲ್ ಹದಿನೇಳಕ್ಕ,
ಕಪನೂರಿನ ದಾಲ್ ಮಿಲ್ಲಿಗೆ, ತಗಡಿನ ಆಫೀಸಿಗೆ.
ಇಮ್ತಿಯಾಜ್ ಡಬ್ಬಿ ಒಡೆದು, ವೈರ್ ಜೋಡಿಸಿ,
ಚಾ ಕುಡಿದು ಹೊರಟ.
ಹೊಸ್ತಿಲ ಮ್ಯಾಲ ನಿಂತು ಅಂದ:
‘ಮೇಡಂ, ಇದಕ್ಕ ಸೆಕೆ ಆಗಿಬರಲ್ಲ.’
ಯಾರಿಗೆ ಆಗಿಬರ್ತದ, ಅಂದೆ.
ಹೊರಗ ನಲವತ್ನಾಕು.

ಮುನೀಮ ಧೂಳಪ್ಪ ಕಾಕಾ
ಕೆಂಪು ಬಟ್ಟೆಯ ಖಾತೆ ಬಗಲಾಗ ಹಿಡಕೊಂಡು
ಪರದೆ ನೋಡ್ತ ನಿಂತ.
ಹಳದಿ ಫೋಲ್ಡರ್, ಅದರ ಬಾಜು ಹಳದಿ ಫೋಲ್ಡರ್,
ಅದರ ಕೆಳಗೂ ಅದೇ.
‘ಎಲ್ಲಾ ಒಂದೇ ಮಾರಿ ಅವಲ್ಲ ತಂಗಿ,
ಯಾವದು ಆವಕ, ಯಾವದು ಉಧಾರಿ?’
ಕೆಳಗ ಹೆಸರು ಬರದದ ಕಾಕಾ.
‘ಇರುವಿ ಬರದಂಗ ಅದ.’

ಊಟದ ಹೊತ್ತಿಗೆ ಮೊಬೈಲ್ ತಗೊಂಡು ಮಿಲ್ಲೆಲ್ಲಾ ತಿರುಗಿದೆ.
ಹಮಾಲ ಲಾಲಸಾಬನ ಕಬ್ಬಿಣದ ಹುಕ್ಕು, ಹಮಾಲಿ ಲೆಕ್ಕಕ್ಕ.
ತೊಗರಿ ಚೀಲದ ಹೊಲಿದ ಬಾಯಿ, ಆವಕಕ್ಕ.
ಕಾಟಾದ ಮುಳ್ಳು ತೂಕಕ್ಕ.
ಕತ್ತರಿಸಿ, ಚೌಕ ಮಾಡಿ, ಉಗುರಿನಷ್ಟು ಸಣ್ಣ ಮಾಡಿ
ಒಂದೊಂದಕ್ಕ ಒಂದೊಂದು ಮಾರಿ ತೊಡಿಸಿದೆ.
ಉಧಾರಿಗೆ ಕಾಕಾನ ಖಾತೆನೇ ಇಟ್ಟೆ;
ಅದರ ಮೂಲ್ಯಾಗ ತನ್ನ ಹೆಬ್ಬೆರಳಿನ ಎಣ್ಣಿ ಕಲಿ ಗುರುತು ಹಿಡಿದು
ಹಲ್ಲಿಲ್ಲದ ಬಾಯಿ ಅಗಲ ಮಾಡಿದ.

ಕಸದ ಡಬ್ಬಿಗೆ ಹೊಟ್ಟಿನ ಗುಡ್ಡಿ ಹಾಕಿದೆ.
ಅಲ್ಲಿ ಬಂತು ಜಗಳ.
‘ಹೊಟ್ಟು ಕಸ ಅಂತ ಯಾರು ಹೇಳ್ಯಾರ?
ದನ ತಿಂತಾವ. ಅದಕ್ಕೂ ಒಂದು ರೇಟ್ ಅದ.’
ನುಚ್ಚು?
‘ನುಚ್ಚಿಗೂ ಅದ.’
ಮಾಲಿನಾಗ ಆರಿಸಿದ ಕಲ್ಲು?
ಕಾಕಾ ಬಾಳ ಹೊತ್ತು ವಿಚಾರ ಮಾಡಿದ.
‘ಕಲ್ಲು ಹಾಕು.’

ಎರಡು ವಾರ ಸುಮ್ಮನಿತ್ತು.
ಒಂದಿನ ಮಧ್ಯಾಹ್ನ ಎರಡೂವರೆಗೆ ಒದರ್ಲಾಕತ್ತಿತು,
ಅದರ ಪಂಖಾದ ಮುಂದ ಮಿಲ್ಲಿನ ಸಪ್ಪಳ ಸಣ್ಣದಾಯ್ತು.
ಮೂಲ್ಯಾಗಿನ ಡಿಗ್ರಿ ತೊಂಬತ್ತೊಂದು, ತೊಂಬತ್ಮೂರು,
ಪರದೆ ಕರ್ರಗಾಯ್ತು.
ನಾ ಕೂಲರ್ ಎಳೆದು ಅದರ ಮುಂದ ತಂದೆ.
ಕಾಕಾ ಬಂದ್ ಮಾಡಿದ.
‘ಹಸಿ ಗಾಳಿ ಬ್ಯಾಡ. ತೊಗರಿಗೂ ಆಗಲ್ಲ, ಇದಕ್ಕೂ ಆಗಲ್ಲ.’
ಆಮ್ಯಾಲ ಕ್ಯಾಬಿನೆಟ್ಟಿನ ಬೆನ್ನಿಗೆ ಅಂಗೈ ಇಟ್ಟ,
ರಾಶಿಯೊಳಗ ಮೊಣಕೈತನಕ ಕೈ ಇಳಿಸಿ
ಕಣ್ಣು ಮುಚ್ಚಿ ನಿಲ್ತಾನಲ್ಲ, ಹಂಗ.
‘ಹಸಿ ಮಾಲು ಒಟ್ಟಿದರ ಒಳಗೊಳಗೇ ಕಾಯ್ತದ.
ಮ್ಯಾಲ ನೋಡಿದವರಿಗೆ ತಿಳಿಯಲ್ಲ.
ಗ್ವಾಡಿಗೆ ಹಚ್ಚಿ ಇಟ್ಟವರ್ಯಾರು?’

ಗ್ವಾಡಿಗೆ ಹಚ್ಚಿ ಇಟ್ಟಾಕಿ ನಾನೇ.

ಒಂದು ಮೊಳ ಮುಂದ ತಂದ್ವಿ.
ತಳದ ಗೋಣಿ ತಗದು ಶಹಾಬಾದ ಪರಸಿ ಹಾಸಿ,
ಪರಸಿ ಮ್ಯಾಲ ಇಟ್ಟಂಗಿ, ಇಟ್ಟಂಗಿ ಮ್ಯಾಲ ಅದು.
ಬಾಜೂನ ತಗಡು ಬಿಚ್ಚಿದರ
ಪಂಖಾದ ರೆಕ್ಕಿ ತುಂಬ ಹೊಟ್ಟಿನ ಹಿಟ್ಟು, ಅರಿಷಿಣ ಹಚ್ಚಿದಂಗ.
ಬಣ್ಣದ ಬ್ರಶ್ ತಗೊಂಡು ಒಂದೊಂದೇ ರೆಕ್ಕಿ ಝಾಡಿಸಿದೆ.
‘ನನಗ ಧೂಳಪ್ಪ ಅಂತ ಹೆಸರಿಟ್ಟಾರ,’ ಕಾಕಾ ಅಂದ,
‘ನನ್ನ ತಮ್ಮ ಒಳಗ ಕುಂತಾನ.’

ಸಂಜಿಗೆ ಚಾಲೂ ಮಾಡಿದ್ವಿ.
ಹುಕ್ಕು, ಚೀಲ, ಮುಳ್ಳು, ಕೆಂಪು ಖಾತೆ, ಎರಡು ಕಲ್ಲು.
ಕಾಕಾ ಖುರ್ಚಿ ಎಳಕೊಂಡ,
ಹಂಚಿನ ಮ್ಯಾಲಿನ ರೊಟ್ಟಿ ಹಿಡಿದಂಗ
ಬೆರಳ ತುದಿಯಿಂದ ಮೌಸ್ ಹಿಡಿದ.
ಒಂದೊಂದೇ ಐಕಾನ್ ಎಳೆದ,
ಒಂದರಿಂದ ಒಂದು ದೂರ ಇಟ್ಟ,
ನಡುವ ಮನಿಷಾ ಹೋಗುವಷ್ಟು ಓಣಿ ಬಿಟ್ಟ.
‘ಥಪ್ಪಿ ನಡುವ ಗಾಳಿ ಆಡಬೇಕು.’

ಅದು ಬರೇ ಬೆಳಕು ಕಾಕಾ,
ಅದರ ನಡುವ ಗಾಳಿ ಹಾಯಲ್ಲ.
ಬಾಯಿತನಕ ಬಂದಿತ್ತು.
ಮೂಲ್ಯಾಗ ಅರವತ್ತೆಂಟು ತೋರಸ್ಲಾಕತ್ತಿತ್ತು.
ಪರಸಿಯಿಂದನೋ, ಬ್ರಶ್ಶಿನಿಂದನೋ,
ಹೊತ್ತು ಮುಳುಗಿದ್ದಕ್ಕೋ.

ಇವತ್ತಿಗೂ ಹಂಗೇ ಅವ, ದೂರ ದೂರ.
ಮೊನ್ನಿ ಇಮ್ತಿಯಾಜ್ ಬಂದಾವ ನಕ್ಕ,
ಎಲ್ಲಾ ಸಾಲಾಗಿ ನಿಲ್ಲಿಸಲಕ ಹೋದ.
ಮೌಸ್ ಕಸಗೊಂಡೆ.